ಟೋಪಿ ಎತ್ತುವ ಬಿರಡೆ: ಒಂದು ರಿಪೇರಿಯ ದಿನಚರಿ

ಬೆನ್ನಿನ ಹಿಂದಿರುವ ಪುಟ್ಟ ಸನ್ನೆಯನ್ನು, ಅಂದರೆ ಲಿವರನ್ನು, ಒತ್ತಿದರೆ ಬಲಗೈ ಮೇಲೆದ್ದು ತಲೆಯ ಟೋಪಿ ಎತ್ತಬೇಕು. ಬಿಟ್ಟರೆ ಟೋಪಿ ಮತ್ತೆ ತಲೆಗೇ ಬಂದು ಕೂರಬೇಕು. ಬಾಟಲಿಯ ಬಿರಡೆಯ ಮೇಲೆ ಕೂತ ಈ ಮರದ ಮನುಷ್ಯನ ಕೆಲಸ ಇಷ್ಟೇ. ನನ್ನ ಕೈಗೆ ಬಂದಾಗ ಅವನಿಂದ ಅದೂ ಆಗುತ್ತಿರಲಿಲ್ಲ. ತೋಳು ಭುಜಕ್ಕೆ ಅಂಟಿ ಹೋಗಿತ್ತು, ಟೋಪಿಯ ಅಂಚು ಒಂದು ಕಡೆ ಮುರಿದಿತ್ತು, ಬಾಟಲಿಯ ಬಾಯಿಗೆ ಕೂರುವ ಬೆಂಡು ಮುಟ್ಟಿದರೆ ರವೆಯ ಹಾಗೆ ಉದುರುತ್ತಿತ್ತು.

ಸಿಕ್ಕಿದ್ದು ಮ್ಯೂನಿಕ್‌ನ ತೆರೇಸಿಯನ್‌ವೀಸೆ ಮೈದಾನದಲ್ಲಿ. ಅಕ್ಟೋಬರ್‌ಫೆಸ್ಟ್ ಎಂಬ ಬಿಯರ್ ಜಾತ್ರೆ ನಡೆಯುವುದು ಅಲ್ಲೇ. ವಸಂತದ ಜಾತ್ರೆಯ ಹೊತ್ತಿಗೆ ಒಂದು ಶನಿವಾರ ಅಲ್ಲಿ ಹಳೇ ಸಾಮಾನಿನ ಭಾರೀ ಸಂತೆ ಸೇರುತ್ತದೆ. ಬೆಳಗಾಗುವ ಮೊದಲೇ ಟಾರ್ಚ್ ಹಿಡಿದು ಬರುವವರಿದ್ದಾರೆ, ನಾನೂ ಅವರಲ್ಲೊಬ್ಬ. ಒಬ್ಬ ವಯಸ್ಸಾದ ಹೆಂಗಸಿನ ಮುಂದೆ ಬಿಸ್ಕತ್ತಿನ ಡಬ್ಬಿ, ಅದರಲ್ಲಿ ಗುಂಡಿಗಳು, ಕೀಲಿಕೈಗಳು, ಅವುಗಳ ನಡುವೆ ಮಲಗಿದ್ದ ಇವನು. ಮೊದಲು ಕೆಂಪು ವೇಸ್ಟ್‌ಕೋಟು ಕಂಡಿತು, ಆಮೇಲೆ ಮೀಸೆ. 12 ಯೂರೋ ಕೊಟ್ಟೆ. "ಇವನು ಟೋಪಿ ಎತ್ತುತ್ತಿದ್ದ ಕಾಲ ಒಂದಿತ್ತು, ನನ್ನ ಗಂಡ ಅಂಟು ಹಾಕಿದ ಮೇಲೆ ನಿಂತುಹೋಯಿತು" ಎಂದರು. ಆ ಒಂದು ಮಾತಿನಿಂದ ನನಗೆ ಅರ್ಧ ರೋಗ ತಿಳಿಯಿತು.

ಕೆತ್ತನೆಯ ಬಿರಡೆಗಳನ್ನು ನಾನು ಕೂಡಿಡಲು ಶುರು ಮಾಡಿ ಆರು ವರ್ಷವಾಯಿತು. ಮನೆಯಲ್ಲಿ 31 ಇವೆ. ಸನ್ನೆ ಒತ್ತಿದರೆ ಒಬ್ಬರಿಗೊಬ್ಬರು ಮುತ್ತು ಕೊಡುವ ಗಂಡ ಹೆಂಡತಿ, ಬಾಯಿಯ ತನಕ ಬಿಯರ್ ಮಗ್ ಎತ್ತುವವನು, ದವಡೆ ತೆರೆದು ಮುಚ್ಚುವವನು, ಇನ್ನು ಕೆಲವು ಸುಮ್ಮನೆ ತಲೆ ಮಾತ್ರ, ಅಲುಗಾಟವಿಲ್ಲದವು. ಅಲುಗದವುಗಳನ್ನು ನೋಡಿ ಸಂತೋಷಪಡಬಹುದು. ಅಲುಗುವಂಥದ್ದು ಅಲುಗದೆ ನಿಂತರೆ ಮಾತ್ರ ನನಗೆ ನಿದ್ದೆ ಬರುವುದಿಲ್ಲ. ಗಾಜಿನ ಕಪಾಟಿನಲ್ಲಿಟ್ಟು ಬೀಗ ಹಾಕುವ ಸಂಗ್ರಾಹಕರು ಇಂಥದ್ದನ್ನು ಇದ್ದ ಹಾಗೇ ಇಡು ಎನ್ನುತ್ತಾರೆ. ಬಣ್ಣದ ವಿಷಯಕ್ಕೆ ಆ ಮಾತು ಸರಿ, ಅದನ್ನು ನಾನೂ ಪಾಲಿಸುತ್ತೇನೆ. ಚಲನೆಯ ವಿಷಯಕ್ಕೆ ಸರಿಯಲ್ಲ. ಏಕೆಂದು ಮುಂದೆ ಟೋಪಿಯ ಅಡಿಯಲ್ಲಿ ಸಿಕ್ಕಿದ್ದನ್ನು ಹೇಳುವಾಗ ಗೊತ್ತಾಗುತ್ತದೆ.

ಮನೆಗೆ ತಂದು ಮೊದಲು ಮಾಡಿದ ಕೆಲಸ ಬಿಳಿ ಕಾಗದದ ಮೇಲೆ ನಿಲ್ಲಿಸಿ ಬೆರಳಿನಿಂದ ಮೆಲ್ಲಗೆ ತಟ್ಟಿದ್ದು. ಪೀಠದ ಹಿಂಬದಿಯಲ್ಲಿ ಮೂರು ತೂತುಗಳಿದ್ದವು, ಒಂದೊಂದೂ ಒಂದೂವರೆ ಮಿಲಿಮೀಟರ್, ಸೂಜಿಯಿಂದ ಚುಚ್ಚಿದಷ್ಟು ದುಂಡಗೆ. ತಟ್ಟಿದಾಗ ಕಾಗದದ ಮೇಲೆ ಅಕ್ಕಿಹಿಟ್ಟಿನ ಬಣ್ಣದ ಪುಡಿ ಬಿತ್ತು. ಹಳೇ ತೂತಾದರೆ ಒಳಗೆ ಕಪ್ಪಾಗಿರುತ್ತದೆ, ಹೀಗೆ ಹೊಸ ಪುಡಿ ಉದುರುವುದಿಲ್ಲ. ಇದು ಜೀವಂತ ಕುಟ್ಟೆ. ಯುರೋಪಿನ ಮನೆಗಳಲ್ಲಿ ಪೀಠೋಪಕರಣ ತಿನ್ನುವ ಈ ಹುಳುವಿನ ಮರಿ ಎರಡರಿಂದ ಐದು ವರ್ಷ ಮರದೊಳಗೇ ಇರುತ್ತದೆ, ಹೊರಗೆ ಕಾಣುವ ತೂತು ಅದು ಬೆಳೆದು ಹಾರಿಹೋದ ಬಾಗಿಲು. ಅಂದರೆ ತೂತು ನೋಡಿ ಔಷಧಿ ಹಾಕಿದರೆ ಹೋದವನ ಮನೆಗೆ ಬೀಗ ಹಾಕಿದ ಹಾಗೆ. ಅದೂ ಅಲ್ಲದೆ ಎಣ್ಣೆಯಂಥ ಔಷಧಿ ಬಣ್ಣದ ಅಡಿಗೆ ಇಳಿದರೆ ಕಲೆ ಹೋಗುವುದಿಲ್ಲ.

ಹಾಗಾಗಿ ಫ್ರೀಜರ್. ಟಿಶ್ಯೂ ಕಾಗದದಲ್ಲಿ ಸುತ್ತಿ, ಜಿಪ್ ಚೀಲದಲ್ಲಿ ಹಾಕಿ, ಒಳಗಿನ ಗಾಳಿ ಒತ್ತಿ ತೆಗೆದು, ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ. ನಮ್ಮ ಫ್ರೀಜರಿನಲ್ಲಿ ಒಂದು ಕಡೆ ಕಾಯಿತುರಿ, ಇನ್ನೊಂದು ಕಡೆ ಊರಿಂದ ಬಂದ ಕರಿಬೇವು, ನಡುವೆ ಇವನು. ಹೊರಗೆ ತೆಗೆದ ಮೇಲೆ ಚೀಲ ಬಿಚ್ಚಬಾರದು, ಇದನ್ನು ಮರೆಯಬೇಡಿ. ತಣ್ಣಗಿನ ಮರಕ್ಕೆ ಕೋಣೆಯ ಗಾಳಿ ತಾಗಿದರೆ ಮೈಮೇಲೆ ನೀರು ಕಟ್ಟುತ್ತದೆ, ಆ ನೀರಿಗೆ ಬಣ್ಣ ಏಳುತ್ತದೆ. ಚೀಲದಲ್ಲೇ ಒಂದು ಇಡೀ ದಿನ ಬಿಟ್ಟು ಕೋಣೆಯ ಬಿಸಿಗೆ ಬಂದ ಮೇಲೆ ಬಿಚ್ಚಿದೆ. ಆಮೇಲೆ ಬಿಳಿ ಕಾಗದದ ಮೇಲೆ ಒಂದು ತಿಂಗಳು ನಿಲ್ಲಿಸಿದೆ. ಪುಡಿ ಬೀಳಲಿಲ್ಲ.

ಆ ತಿಂಗಳಲ್ಲಿ ಅಳತೆ ತೆಗೆದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಒಟ್ಟು ಎತ್ತರ 105 ಮಿ.ಮೀ., ಅದರಲ್ಲಿ ಮರ 77, ಬೆಂಡು 28. ಬೆಂಡಿನ ಮೇಲ್ತುದಿ 20 ಮಿ.ಮೀ., ಕೆಳತುದಿ 17. ಬೆಂಡಿಗೆ ತಾಗುವ ಪೀಠದ ಅಂಚಿನಲ್ಲಿ ನೇರಳೆ ಶಾಯಿಯ ಮೊಹರಿನ ಅರ್ಧ: 'ಮೇಡ್ ಇನ್ ಇಟ' ಎನ್ನುವಷ್ಟು ಓದಬಹುದು. ಉಳಿದದ್ದು ಬೆಂಡಿನ ಅಡಿ.

ಆ ಮೊಹರಿನಿಂದ ಒಂದು ಸಂಗತಿ ಗೊತ್ತಾಗುತ್ತದೆ. ಇಂಥ ಬಣ್ಣದ ಕೆತ್ತನೆಗೆ ಹೆಸರಾದದ್ದು ಆಲ್ಪ್ಸ್‌ನ ದೊಲೊಮೈಟ್ ಬೆಟ್ಟಗಳ ನಡುವಿನ ಗರ್ದೇನಾ ಕಣಿವೆ. ಅಲ್ಲಿಯ ಮುಖ್ಯ ಊರಿಗೆ ಮೂರು ಹೆಸರು: ಇಟಾಲಿಯನ್ನಿನಲ್ಲಿ ಒರ್ತಿಸೇಯ್, ಜರ್ಮನ್ನಿನಲ್ಲಿ ಸಂಕ್ಟ್ ಉಲ್ರಿಕ್, ಅಲ್ಲಿಯವರದೇ ಆದ ಲದೀನ್ ಭಾಷೆಯಲ್ಲಿ ಉರ್ತಿಯೆಯ್. ಮೊದಲ ಮಹಾಯುದ್ಧ ಮುಗಿಯುವವರೆಗೆ ಅದು ಆಸ್ಟ್ರಿಯಾದ್ದು. 1919ರ ಸೇಂಟ್ ಜರ್ಮೇನ್ ಒಪ್ಪಂದದಲ್ಲಿ ಇಟಲಿಗೆ ಹೋಯಿತು. ಇಟಲಿ ಎಂದು ಮೊಹರು ಬಿದ್ದಿದ್ದರೆ ಅದರ ನಂತರದ್ದೇ. 17ನೇ ಶತಮಾನದಿಂದಲೂ ಆ ಕಣಿವೆಯವರು ಹಿಮ ಬಿದ್ದು ಹೊಲದ ಕೆಲಸ ನಿಂತಾಗ ಒಲೆಯ ಪಕ್ಕ ಕೂತು ಗೊಂಬೆ, ಸಂತರ ಮೂರ್ತಿ ಕೆತ್ತಿ ಯುರೋಪಿಗೆಲ್ಲ ಕಳಿಸಿದವರು. 1912ರಲ್ಲಿ ಆಂಟನ್ ರಿಫೆಸರ್ ಎಂಬಾತ ಅಲ್ಲಿ ಒಂದು ಕೆತ್ತನೆಯ ಸಂಸ್ಥೆ ಕಟ್ಟಿದರು, ತಮ್ಮ ಹೆಸರಿನ ಎರಡು ಭಾಗಗಳ ಮೊದಲಕ್ಷರಗಳನ್ನೇ ಕೂಡಿಸಿ ಅದಕ್ಕೆ 'ಆನ್ರಿ' ಎಂದು ಹೆಸರಿಟ್ಟರು. ಅಲುಗಾಡುವ ಬಿರಡೆಗಳನ್ನು ಕೂಡಿಡುವವರು ಮೊದಲು ಹುಡುಕುವುದು ಆ ಹೆಸರನ್ನೇ. ಅದೇ ಕಾರಣಕ್ಕೆ ಸಂತೆಯಲ್ಲಿ ಮೀಸೆಯಿರುವ ಮರದ ತಲೆಗಳನ್ನೆಲ್ಲ ಆನ್ರಿ ಎಂದೇ ಮಾರುತ್ತಾರೆ. ಚೀಟಿಯೋ ಮೊಹರೋ ಇಲ್ಲದೆ ಆ ಹೆಸರನ್ನು ನಾನು ಬರೆಯುವುದಿಲ್ಲ. ನನ್ನ ಪುಸ್ತಕದಲ್ಲಿ ಇವನು 'ನಂ. 31, ಟೋಪಿಯವನು, ಇಟಲಿ', ಅಷ್ಟೇ.

ಅಪ್ಪಯ್ಯನಿಗೆ ವಿಡಿಯೋ ಕರೆ ಮಾಡಿ ತೋರಿಸಿದೆ. ಅವರು ಸಾಗರದಲ್ಲಿ ನಲವತ್ತು ವರ್ಷ ಬಡಗಿ ಕೆಲಸ ಮಾಡಿದವರು, ಬಾಗಿಲು, ಕಿಟಕಿ, ತೊಟ್ಟಿಲು. ಗುಡಿಗಾರರ ಗಂಧದ ಕೆತ್ತನೆ ನೋಡುತ್ತಲೇ ಬೆಳೆದ ಕಣ್ಣು. ಫೋನನ್ನು ಸುತ್ತ ತಿರುಗಿಸಿ ತೋರಿಸಿದೆ.

"ಇದು ಲೇತಲ್ಲಿ ಕಡೆದದ್ದಲ್ಲ, ಚಾಕು ಹಿಡಿದು ಕೆತ್ತಿದ್ದು" ಎಂದರು ತಕ್ಷಣ. ನಿಜ. ಚನ್ನಪಟ್ಟಣದ ಗೊಂಬೆಗೆ ಹಾಲೆ ಮರವನ್ನು ತಿರುಗಿಸಿ ಕಡೆಯುತ್ತಾರೆ, ಅದಕ್ಕೇ ಅದು ಯಾವ ಕಡೆಯಿಂದ ನೋಡಿದರೂ ಒಂದೇ ದುಂಡು. ಇವನ ಎಡಗೆನ್ನೆ ಬಲಗೆನ್ನೆಗಿಂತ ಸ್ವಲ್ಪ ದಪ್ಪ. ಮೀಸೆಯ ಒಂದೊಂದು ಬದಿಯೂ ಮೂರೇ ಏಟು: ಮೂಗಿನ ಕೆಳಗಿಂದ ಹೊರಗೆ ಒಂದು ಉದ್ದ, ಕೆಳಗಿಂದ ಅದಕ್ಕೆ ಸೇರುವ ಇನ್ನೊಂದು, ತುದಿಯಲ್ಲಿ ಚಾಕುವಿನ ಮೂತಿ ತಿರುವಿ ಕಿತ್ತ ಚೂರು. ತುದಿ ಮೇಲಕ್ಕೆ ಏಳುವುದು ಆ ಮೂರನೆಯದರಿಂದ. ಕೆತ್ತಿದವನು ಆ ದಿನ ಇಂಥ ಎಷ್ಟೋ ಮೀಸೆ ಕೆತ್ತಿರಬೇಕು, ಕೈ ಎಲ್ಲೂ ಅನುಮಾನಿಸಿಲ್ಲ.

"ತೋಳು ಬರ್ತಿಲ್ಲ ಅಪ್ಪಯ್ಯ. ಸೂಪರ್ ಗ್ಲೂ ಸುರಿದಿದ್ದಾರೆ."

"ಸೀದಾ ಎಳೀಬೇಡ ಮಾರಾಯ, ಮರ ಸೀಳ್ತದೆ. ದಾರ ಹಾಕು."

"ಸಂದೇ ಇಲ್ವಲ್ಲ, ದಾರ ಎಲ್ಲಿ ಹಾಕೋದು?"

"ಸಂದು ಇಲ್ದೆ ತೋಳು ಆಡ್ತಿತ್ತಾ? ಇದ್ದೇ ಇರ್ತದೆ, ಹುಡುಕು."

ಹುಡುಕಿದೆ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿಯಲ್ಲಿ ಕಂಕುಳ ಕೆಳಗೆ ಕೂದಲಿನಷ್ಟು ಸಂದು ಕಂಡಿತು. ಅಂಟು ಮೇಲಿಂದ ಬಿದ್ದು ಭುಜದ ತನಕ ಮಾತ್ರ ಇಳಿದಿತ್ತು.

ಸೂಪರ್ ಗ್ಲೂ ಅಸಿಟೋನಿಗೆ ಕರಗುತ್ತದೆ. ಕಷ್ಟ ಏನೆಂದರೆ ಹಳೇ ಬಣ್ಣದ ಮೇಲಿನ ವಾರ್ನಿಶ್ ಕೂಡ ಕರಗುತ್ತದೆ. ಪೀಠದ ಹಿಂದೆ ಕಾಣದ ಜಾಗದಲ್ಲಿ ಹತ್ತಿಕಡ್ಡಿಯಿಂದ ಒಂದು ಚುಕ್ಕೆ ಅಸಿಟೋನ್ ಮುಟ್ಟಿಸಿ ನೋಡಿದೆ, ಮೂರು ಎಣಿಸುವಷ್ಟರಲ್ಲಿ ಮೇಲ್ಮೈ ಅಂಟಂಟಾಯಿತು. ಹಾಗಾಗಿ ಸುರಿಯುವ ಮಾತೇ ಇಲ್ಲ. ಒಂದೆಳೆ ರೇಷ್ಮೆ ದಾರವನ್ನು ಅಸಿಟೋನಿನಲ್ಲಿ ಅದ್ದಿ, ಟಿಶ್ಯೂವಿನಲ್ಲಿ ಹಿಂಡಿ, ಬರೀ ತೇವ ಉಳಿಯುವ ಹಾಗೆ ಮಾಡಿ, ಕಂಕುಳ ಸಂದಿನಲ್ಲಿ ತೂರಿಸಿ ಗರಗಸದ ಹಾಗೆ ಹಿಂದೆ ಮುಂದೆ ಆಡಿಸಿದೆ. ಒಳಗಿನ ಎರಡು ಮುಖಗಳಿಗೂ ಬಣ್ಣವಿಲ್ಲ, ಅಲ್ಲಿ ಎಷ್ಟು ಉಜ್ಜಿದರೂ ನಷ್ಟವಿಲ್ಲ. ಹತ್ತು ಸಲ ಆಡಿಸುವುದು, ದಾರ ಒಣಗುತ್ತದೆ, ಹೊಸ ದಾರ. ಕಿಟಕಿ ತೆರೆದಿಟ್ಟು, ಒಲೆ ಆರಿಸಿ, ದಿನಕ್ಕೆ ಅರ್ಧ ಗಂಟೆ. ಅದಕ್ಕಿಂತ ಹೆಚ್ಚು ಹೊತ್ತು ಕೂತರೆ ಕೈ ಅವಸರಪಡುತ್ತದೆ. ನಾಲ್ಕನೆಯ ಸಂಜೆ ದಾರ ಒಮ್ಮೆಲೇ ಸಡಿಲವಾಗಿ ಮೇಲೆ ಬಂತು.

ತೋಳು ಎದ್ದಿತು. ತೋಳಿನ ಜೊತೆ ಟೋಪಿ ಎದ್ದಿತು. ಟೋಪಿಯ ಅಡಿಯಲ್ಲಿ ಬೋಳು ತಲೆ.

ಬರೀ ಬೋಳಲ್ಲ. ನೆತ್ತಿಯ ಮೇಲೆ ತೆಳ್ಳಗಿನ ಕುಂಚದಿಂದ ಎಳೆದ ಐದು ಕೂದಲು, ಎಡಗಿವಿಯಿಂದ ಬಲಗಿವಿಯ ಕಡೆಗೆ ಬಾಚಿದ ಹಾಗೆ. ಐದನೆಯದು ತುದಿಯಲ್ಲಿ ಸುರುಳಿ. ಟೋಪಿ ತಲೆಯ ಮೇಲಿರುವಷ್ಟು ಹೊತ್ತು ಇದು ಯಾರಿಗೂ ಕಾಣುವುದಿಲ್ಲ. ಕಾಣುವುದು ಅವನು ನಮಸ್ಕಾರ ಮಾಡಿದಾಗ ಮಾತ್ರ. ಆ ಕಣಿವೆಯಲ್ಲಿ ಕೆತ್ತುವವನು ಬೇರೆ, ಬಣ್ಣ ಹಾಕುವವನು ಬೇರೆ. ಬಣ್ಣದವರಿಗೆ ಜರ್ಮನ್ನಿನಲ್ಲಿ ಫಾಸ್‌ಮಾಲರ್ ಎಂಬ ಪ್ರತ್ಯೇಕ ಹೆಸರೇ ಇದೆ. ಕೆತ್ತಿದವನು ತಲೆಯನ್ನು ನುಣ್ಣಗೆ ಬಿಟ್ಟಿದ್ದ, ಬಣ್ಣ ಹಾಕಿದ ಕೈ ಈ ಐದು ಕೂದಲನ್ನು ಸೇರಿಸಿತು. ಸನ್ನೆ ಒತ್ತಿದವನಿಗೆ ಸಿಗಲಿ ಎಂದು ಬಚ್ಚಿಟ್ಟ ಉಡುಗೊರೆ ಅದು. ಅಂಟು ಬಿದ್ದ ದಿನದಿಂದ ಯಾರೂ ಅದನ್ನು ನೋಡಿರಲಿಲ್ಲ. ಚಲನೆಯನ್ನು ಇದ್ದ ಹಾಗೇ ಬಿಡಬಾರದು ಎಂದು ನಾನು ಹೇಳುವುದು ಇದಕ್ಕೇ: ತೋಳು ನಿಂತರೆ ಅವರ ಕೆಲಸದ ಅರ್ಧ ಮುಚ್ಚಿಹೋಗುತ್ತದೆ.

ಇನ್ನೊಂದು ಲಾಭವೂ ಆಯಿತು. ಟೋಪಿಯ ನೆರಳಿನಲ್ಲಿದ್ದ ಚರ್ಮದ ಬಣ್ಣ ಹೊಸದರಂತೆ ಗುಲಾಬಿಯಾಗಿತ್ತು. ಹೊರಗಿನ ಮುಖ ಬೆಳಕಿಗೆ, ಹೊಗೆಗೆ, ಅಡುಗೆಮನೆಯ ಎಣ್ಣೆಜಿಡ್ಡಿಗೆ ಜೇನಿನ ಬಣ್ಣಕ್ಕೆ ತಿರುಗಿತ್ತು. ಎಷ್ಟು ಕೊಳೆ, ಎಷ್ಟು ಮುಪ್ಪು ಎಂದು ಅಳೆಯಲು ನನ್ನ ಹತ್ತಿರ ಈಗ ಒಂದು ಮಾದರಿ ಇತ್ತು.

ಕೊಳೆ ತೆಗೆದದ್ದು ಎಂಜಲಿನಿಂದ. ಹೇಳಲು ಹಿಂಜರಿಯಬೇಕಾಗಿಲ್ಲ, ವಸ್ತು ಸಂರಕ್ಷಣೆಯ ಕೆಲಸದವರು ಚಿತ್ರಗಳಿಗೂ ಇದನ್ನು ಬಳಸುತ್ತಾರೆ. ಎಂಜಲು ನೀರಿಗಿಂತ ಚೆನ್ನಾಗಿ ಜಿಡ್ಡು ಬಿಡಿಸುತ್ತದೆ, ಅದರಲ್ಲಿರುವ ಕಿಣ್ವಗಳೂ ಕೈ ಸೇರಿಸುತ್ತವೆ, ಸಾಬೂನಿನಂತೆ ಖಾರವಿಲ್ಲ. ಹತ್ತಿಕಡ್ಡಿಯನ್ನು ನಾಲಗೆಗೆ ಮುಟ್ಟಿಸಿ, ಬಣ್ಣದ ಮೇಲೆ ಉರುಳಿಸಬೇಕು, ಉಜ್ಜಬಾರದು. ಒಮ್ಮೆ ಕೊಳೆ ತಾಗಿದ ಕಡ್ಡಿ ಮತ್ತೆ ಬಾಯಿಗೆ ಹೋಗಬಾರದು, ಹಳೇ ಬಣ್ಣದಲ್ಲಿ ಸೀಸ ಇರಬಹುದು. ಕಡೆಗೆ ಶುದ್ಧ ನೀರಿನ ಕಡ್ಡಿಯಿಂದ ಒಂದು ಸಲ ಒರೆಸಬೇಕು. ಮುಖಕ್ಕೆ 40 ಕಡ್ಡಿ ಬೇಕಾಯಿತು, ಎಲ್ಲವೂ ಚಹಾದ ಬಣ್ಣಕ್ಕೆ ಬಂದವು. ಕೆನ್ನೆಯ ಮೇಲಿನ ಕೆಂಪು ಮಾತ್ರ ಮೊದಲ ಕಡ್ಡಿಗೇ ಹತ್ತಿಕೊಂಡಿತು, ತಕ್ಷಣ ಕೈ ತೆಗೆದೆ. ಆ ಎರಡು ಕೆನ್ನೆ ಮತ್ತು ತುಟಿಯನ್ನು ಒಣ ಮೇಕಪ್ ಸ್ಪಂಜಿನ ಚೂರಿನಿಂದ ಒತ್ತಿ ಒತ್ತಿ ತೆಗೆದೆ, ಅಷ್ಟಕ್ಕೇ ಬಿಟ್ಟೆ.

ಇನ್ನು ಒಳಗಿನ ಯಂತ್ರ. ಬೆನ್ನಿನ ನಡುವೆ ಉದ್ದನೆಯ ಒಂದು ಸೀಳು, 6 ಮಿ.ಮೀ. ಅಗಲ. ಅದರಲ್ಲಿ ಮರದ ಚಪ್ಪಟೆ ಸನ್ನೆ, ಅಡ್ಡಕ್ಕೆ ಹೊಡೆದ ತಲೆಯಿಲ್ಲದ ಮೊಳೆಯೇ ಅದರ ಅಚ್ಚು. ಸನ್ನೆಯ ಒಳತುದಿಯಿಂದ ಒಂದು ಕಬ್ಬಿಣದ ತಂತಿ ಭುಜದ ತನಕ ಹೋಗಿ ತೋಳಿನ ಬೇರಿಗೆ ಸಿಕ್ಕಿಸಿಕೊಂಡಿತ್ತು. ಸ್ಪ್ರಿಂಗ್ ಇಲ್ಲ. ಟೋಪಿ ಇಳಿಯುವುದು ತನ್ನದೇ ಭಾರಕ್ಕೆ. ತಂತಿ ತುಕ್ಕು ಹಿಡಿದು ನಡುವೆ ತುಂಡಾಗಿತ್ತು. ತೋಳು ಸೋತು ಜೋಲು ಬಿದ್ದದ್ದು ಇದರಿಂದಲೇ ಇರಬೇಕು, ಪಾಪ, ಆ ಯಜಮಾನರು ಅಂಟು ಹಾಕಿದ್ದು ಜೋಲು ಬಿದ್ದ ಟೋಪಿಯನ್ನು ತಲೆಯ ಮೇಲೆ ಕೂರಿಸಲು.

ಈ ಸನ್ನೆಯ ಲೆಕ್ಕ ನನಗೆ ತುಂಬಾ ಇಷ್ಟವಾಯಿತು. ತಂತಿ ಮೇಲೆ ಕೆಳಗೆ ಚಲಿಸುವುದು 3 ಮಿ.ಮೀ. ಮಾತ್ರ. ಅದು ತೋಳಿಗೆ ಸಿಕ್ಕುವ ತೂತು ಭುಜದ ಅಚ್ಚಿನಿಂದ 4 ಮಿ.ಮೀ. ದೂರ. ಅಷ್ಟರಲ್ಲಿ ತೋಳು ಸುಮಾರು 45 ಡಿಗ್ರಿ ತಿರುಗುತ್ತದೆ. ಟೋಪಿ ಇರುವುದು ಅಚ್ಚಿನಿಂದ 28 ಮಿ.ಮೀ. ಆಚೆ, ಹಾಗಾಗಿ ಟೋಪಿ ಎರಡು ಸೆಂಟಿಮೀಟರಿನಷ್ಟು ಮೇಲೇಳುತ್ತದೆ. ಬೆರಳ ತುದಿಯ ಸಣ್ಣ ಒತ್ತಿಗೆ ಅಷ್ಟು ದೊಡ್ಡ ನಮಸ್ಕಾರ.

ಹೊಸ ತಂತಿಗೆ 0.8 ಮಿ.ಮೀ. ಹಿತ್ತಾಳೆ ತೆಗೆದುಕೊಂಡೆ, ತುಕ್ಕು ಹಿಡಿಯುವುದಿಲ್ಲ ಎಂದು. ಹಳೇ ತುಂಡುಗಳನ್ನು ಪಕ್ಕಪಕ್ಕ ಇಟ್ಟು ಉದ್ದ ಅಳೆದು ಬಗ್ಗಿಸಿ ಹಾಕಿದೆ. ಟೋಪಿ ಎದ್ದಿತು, ಇಳಿಯುವಾಗ ಹಣೆಯ ಮೇಲೆ ಓರೆಯಾಗಿ ನಿಂತಿತು. ಎಲ್ಲೋ ಉಜ್ಜುತ್ತಿದೆ ಎಂದುಕೊಂಡು ಒಂದು ಗಂಟೆ ಭುಜವನ್ನೇ ನೋಡಿದೆ. ತಪ್ಪು ಅಲ್ಲಿರಲಿಲ್ಲ. ತುಕ್ಕಿನಲ್ಲಿ ಕರಗಿ ಹೋದ ಭಾಗವನ್ನು ನಾನು ಅಂದಾಜಿಗೆ ಸೇರಿಸಿದ್ದೆ, ಒಂದು ಮಿಲಿಮೀಟರ್ ಹೆಚ್ಚಾಗಿತ್ತು. 4 ಮಿ.ಮೀ. ತ್ರಿಜ್ಯದಲ್ಲಿ ಒಂದು ಮಿಲಿಮೀಟರ್ ಎಂದರೆ 14 ಡಿಗ್ರಿ. ಎರಡನೆಯ ತಂತಿಗೆ ನಡುವೆ ಒಂದು ಸಣ್ಣ ಗೂನು ಬಿಟ್ಟೆ. ಗೂನನ್ನು ಇಕ್ಕಳದಿಂದ ಒತ್ತಿದರೆ ತಂತಿ ಉದ್ದವಾಗುತ್ತದೆ, ಹಿಗ್ಗಿಸಿದರೆ ಗಿಡ್ಡ. ಹೀಗೆ ಜಾಗದಲ್ಲೇ ಸರಿಹೊಂದಿಸಬಹುದು. ನಾಲ್ಕು ಸಲ ಒತ್ತಿ ಬಿಟ್ಟ ಮೇಲೆ ಟೋಪಿ ತನ್ನ ಜಾಗಕ್ಕೆ ಬಂತು. ಅಚ್ಚುಗಳಿಗೆ ಎಣ್ಣೆ ಹಾಕಲಿಲ್ಲ. ಮರ ಎಣ್ಣೆ ಕುಡಿಯುತ್ತದೆ, ಬಣ್ಣದ ಹೊರಗೂ ಕಪ್ಪು ಹಬ್ಬುತ್ತದೆ. ಮೆತ್ತನೆಯ 6ಬಿ ಪೆನ್ಸಿಲ್ಲಿನ ಮೊನೆ ಕೆರೆದು ಆ ಪುಡಿಯನ್ನು ಅಚ್ಚಿಗೆ ಸವರಿದೆ.

ಹಳೇ ತಂತಿಯ ಎರಡು ತುಂಡುಗಳನ್ನು ಸಣ್ಣ ಲಕೋಟೆಯಲ್ಲಿ ಹಾಕಿ, ಮೇಲೆ 31 ಎಂದು ಬರೆದು ಇಟ್ಟಿದ್ದೇನೆ.

ಬೆಂಡಿನ ಕೆಲಸಕ್ಕೆ ಬಂದಾಗ ಅಪ್ಪಯ್ಯನ ಅಂಗಡಿಯ ವಾಸನೆ ನೆನಪಾಯಿತು. ಬೆಂಡು ಕೂತಿದ್ದದ್ದು ಪೀಠದಿಂದ ಇಳಿದ 8 ಮಿ.ಮೀ. ಗೂಟದ ಮೇಲೆ, ಹಿಡಿದಿದ್ದದ್ದು ಸರೇಸು. ಪ್ರಾಣಿಯ ಚರ್ಮ, ಮೂಳೆ ಕುದಿಸಿ ಮಾಡುವ ಈ ಅಂಟಿನ ದೊಡ್ಡ ಗುಣ ಅದು ಬಿಟ್ಟುಕೊಡುತ್ತದೆ ಎನ್ನುವುದು. ಬಿಸಿ ಮತ್ತು ತೇವ ತಾಗಿದರೆ ನೂರು ವರ್ಷ ಕಳೆದರೂ ಮೆತ್ತಗಾಗುತ್ತದೆ. ಬಿಸಿನೀರಿನಲ್ಲಿ ಹಿಂಡಿದ ಹತ್ತಿಯನ್ನು ಬೆಂಡಿಗೆ ಮಾತ್ರ ಸುತ್ತಿ, ಮೇಲೆ ಪ್ಲಾಸ್ಟಿಕ್ ಹಾಳೆ ಕಟ್ಟಿ, ಕಾಲು ಗಂಟೆಗೊಮ್ಮೆ ಬದಲಾಯಿಸಿದೆ. ಮೂರನೆಯ ಸಲಕ್ಕೆ ಬೆಂಡು ಮೆಲ್ಲಗೆ ತಿರುಗಿ ಕಳಚಿತು. ಅಡಿಯಲ್ಲಿ ಮೊಹರಿನ ಉಳಿದ ಅರ್ಧ ಇತ್ತು: 'ಲಿ'. ಅದರ ಪಕ್ಕ ಪೆನ್ಸಿಲ್ಲಿನಲ್ಲಿ ಬರೆದ 7 ಎಂಬ ಅಂಕಿ, ನಡುವೆ ಅಡ್ಡಗೆರೆಯಿರುವ ಯುರೋಪಿನ 7.

ಹೊಸ ಬೆಂಡು ಮನೆಯಲ್ಲೇ ವೈನ್ ಮಾಡುವವರ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿತು, ಅದೇ ಅಳತೆ, 20ಕ್ಕೆ 17. ಪುಡಿ ಒತ್ತಿ ಮಾಡಿದ್ದಲ್ಲ, ಇಡೀ ತೊಗಟೆಯಿಂದ ಕೊಯ್ದದ್ದೇ ಬೇಕು ಎಂದು ಕೇಳಿ ತಂದೆ. ಕಾರ್ಕ್ ಓಕ್ ಮರಕ್ಕೆ ಸುಮಾರು 25 ವರ್ಷವಾಗುವ ತನಕ ತೊಗಟೆ ಸುಲಿಯುವಂತಿಲ್ಲ, ಆಮೇಲೂ ಒಂಬತ್ತು ವರ್ಷಕ್ಕೊಮ್ಮೆ ಮಾತ್ರ. ಮೊದಲ ಎರಡು ಸುಲಿತ ಬಿರಡೆಗೆ ಬರುವುದಿಲ್ಲ, ಮೂರನೆಯದರಿಂದ ಶುರು. ಅಂದರೆ ನನ್ನ ಬೆರಳುಗಳ ನಡುವಿನ ಈ ತುಂಡಿನ ಹಿಂದೆ ಒಂದು ಮರದ ನಲವತ್ತಕ್ಕೂ ಹೆಚ್ಚು ವರ್ಷವಿದೆ.

ಬೆಂಡಿಗೆ ತೂತು ಕೊರೆಯುವುದು ಡ್ರಿಲ್ ಕೆಲಸವಲ್ಲ. ಒಂದು ಸಲ ಹಿಂದೆ ಮಾಡಿ ಕೆಟ್ಟಿದ್ದೇನೆ, ಡ್ರಿಲ್ಲಿನ ಹಲ್ಲು ಬೆಂಡನ್ನು ಕೊಯ್ಯುವುದಿಲ್ಲ, ಹರಿಯುತ್ತದೆ. ಈ ಸಲ 8 ಮಿ.ಮೀ. ಹಿತ್ತಾಳೆ ಕೊಳವೆಯ ಬಾಯಿಯನ್ನು ಒಳಗಿನಿಂದ ಅರದಲ್ಲಿ ತಿಕ್ಕಿ ಬ್ಲೇಡಿನಷ್ಟು ಹರಿತ ಮಾಡಿಕೊಂಡೆ. ಬೆಂಡಿನ ಸುತ್ತ ಕಾಗದದ ಟೇಪ್ ಬಿಗಿಯಾಗಿ ಸುತ್ತಿದೆ, ಒತ್ತಡಕ್ಕೆ ಸೀಳದಿರಲಿ ಎಂದು. ಕೊಳವೆಯ ಬಾಯಿಗೆ ಸಾಬೂನು ನೀರು ಮುಟ್ಟಿಸಿ, ಅಂಗೈಯಲ್ಲಿ ಕಡೆಗೋಲಿನ ಹಾಗೆ ತಿರುಗಿಸುತ್ತಾ ಹೋದರೆ ಚಕ್ ಚಕ್ ಎಂಬ ಸದ್ದಿನ ಜೊತೆ ಇಳಿಯುತ್ತದೆ. ಹೊರಗೆ ಎಳೆದಾಗ ಕೊಳವೆಯೊಳಗೆ ಬೆಂಡಿನ ಒಂದು ನೀಟಾದ ಕಡ್ಡಿ. ಒಂದು ಭಾಗ ಸರೇಸಿನ ಹರಳಿಗೆ ಎರಡು ಭಾಗ ನೀರು, ರಾತ್ರಿ ನೆನೆಸಿ, ಬೆಳಗ್ಗೆ ಬಿಸಿನೀರಿನ ಪಾತ್ರೆಯಲ್ಲಿಟ್ಟು 60 ಡಿಗ್ರಿಗೆ ಕಾಯಿಸಿದೆ. ಕುದಿಸಿದರೆ ಅದರ ಕಸುವು ಹೋಗುತ್ತದೆ. ಕುಂಚದಿಂದ ಗೂಟಕ್ಕೆ ಸವರಿ ಬೆಂಡು ಕೂರಿಸಿದೆ, ಮೊಹರಿಗೆ ತಾಗದಂತೆ ಅಂಚನ್ನು ಒಣ ಬಿಟ್ಟೆ. ಮುಂದೆ ಯಾರಾದರೂ ಬಿಚ್ಚಬೇಕಾದರೆ ಬಿಸಿನೀರು ಸಾಕು.

ಟೋಪಿಯ ಅಂಚಿಗೆ ಬಂದಾಗ ಜೂನ್ ಆಗಿತ್ತು. ಮುರಿದ ಜಾಗ 14 ಮಿ.ಮೀ. ಉದ್ದ, 5 ಅಗಲ, ದಪ್ಪ ಒಂದೂವರೆ. ಮುರಿದದ್ದು ಮರದ ಎಳೆಯ ಉದ್ದಕ್ಕೇ. ತೇಪೆಗೆ ಲಿಂಡನ್ ಮರ ತೆಗೆದುಕೊಂಡೆ, ಬೆಣ್ಣೆಯ ಹಾಗೆ ಕೊಯ್ಯಬಹುದು. ಹೊಸ ತುಂಡಿನ ಎಳೆ ಹಳೆಯದರ ದಿಕ್ಕಿಗೇ ಇರಬೇಕು, ಇಲ್ಲದಿದ್ದರೆ ಚಳಿಗಾಲದ ಹೀಟರಿಗೆ ಎರಡೂ ಎರಡು ಕಡೆ ಸೆಳೆದು ಬೆಸುಗೆ ಬಿಡುತ್ತದೆ. ಹಳೇ ಮುರಿತವನ್ನು ಅರದಿಂದ ಸಮ ಮಾಡಿದ್ದರೆ ಹತ್ತು ನಿಮಿಷದ ಕೆಲಸ. ಹಳೇ ಮರದ ಒಂದು ಚೂರನ್ನೂ ತೆಗೆಯಬಾರದು ಎಂದು ತೀರ್ಮಾನಿಸಿದ್ದರಿಂದ ಹೊಸದನ್ನೇ ಹಳೆಯದರ ಒರಟಿಗೆ ಹೊಂದಿಸಬೇಕಾಯಿತು. ನಡುವೆ ಕಾರ್ಬನ್ ಪೇಪರಿನ ಚೂರು, ಮಸಿ ಹೊಸ ಮರದ ಕಡೆಗೆ. ಒತ್ತಿ ತೆಗೆದರೆ ತಾಗುವ ಉಬ್ಬುಗಳ ಮೇಲೆ ಕಪ್ಪು ಚುಕ್ಕೆ ಬೀಳುತ್ತದೆ. ಚುಕ್ಕೆ ಬಿದ್ದಲ್ಲಿ ಚಾಕುವಿನಿಂದ ಒಂದು ಸಿಪ್ಪೆ. ಮತ್ತೆ ಒತ್ತು, ಮತ್ತೆ ಸಿಪ್ಪೆ. ಹನ್ನೊಂದನೆಯ ಸಲ ಮಸಿ ಉದ್ದಕ್ಕೂ ಒಂದೇ ಸಮ ಬಿತ್ತು. ಮಸಿಯನ್ನು ಕೆರೆದು ಸರೇಸು ಹಚ್ಚಿ ರಬ್ಬರ್ ಬ್ಯಾಂಡಿನಲ್ಲಿ ರಾತ್ರಿಯಿಡೀ ಬಿಗಿದಿಟ್ಟೆ.

ಮರುದಿನ ಮೇಲ್ಮೈ. ಕೈ ಉಪ್ಪುಕಾಗದದ ಕಡೆಗೆ ಹೋಗುತ್ತದೆ, ಹೋಗಬಾರದು. ಈ ಟೋಪಿಯನ್ನು ಯಾರೂ ಉಜ್ಜಿಲ್ಲ, ಅದರ ಮೈಯೆಲ್ಲ ಚಾಕುವಿನ ಚಿಕ್ಕ ಚಿಕ್ಕ ಚಪ್ಪಟೆ ಮುಖಗಳು, ಬೆಳಕಿಗೆ ಹಿಡಿದರೆ ಒಂದೊಂದೂ ಬೇರೆ ಬೇರೆ ಮಿನುಗುತ್ತವೆ. ತೇಪೆ ನುಣ್ಣಗಾದರೆ ದೂರದಿಂದಲೇ ಗೊತ್ತಾಗುತ್ತದೆ. ಹೆಬ್ಬೆರಳನ್ನು ಟೋಪಿಗೆ ಊರಿ, ಚಾಕುವನ್ನು ನನ್ನ ಕಡೆಗೆ ಎಳೆಯುತ್ತಾ, ಹಳೇ ಮುಖಗಳ ಅಗಲ ನೋಡಿಕೊಂಡು ಏಳು ಏಟು ಹಾಕಿದೆ. ಆರನೆಯದು ಆಳವಾಯಿತು. ಹಾಗೇ ಬಿಟ್ಟಿದ್ದೇನೆ, ಸರಿಪಡಿಸಲು ಹೋದರೆ ಎಂಟನೆಯದು ಬೇಕಾಗುತ್ತದೆ.

ಬಣ್ಣದಲ್ಲಿ ಎಡವಿದೆ. ಮೊದಲು ತೇಪೆಯ ಮೇಲೆ ಮತ್ತು ಬಣ್ಣ ಎದ್ದ ಕಡೆಗಳಲ್ಲಿ ಪ್ಯಾರಲಾಯ್ಡ್ ಬಿ-72 ಎಂಬ ಪಾರದರ್ಶಕ ರಾಳವನ್ನು ತೆಳುವಾಗಿ ಹಚ್ಚಿದೆ. ವಸ್ತುಸಂಗ್ರಹಾಲಯಗಳಲ್ಲಿ ಇದನ್ನೇ ಬಳಸುವುದು, ಹಳದಿಯಾಗುವುದಿಲ್ಲ, ಬೇಡವೆಂದಾಗ ಕರಗಿಸಿ ತೆಗೆಯಬಹುದು. ಅದರ ಮೇಲೆ ನೀರಿನಲ್ಲಿ ಕರಗುವ ಗೌಶ್ ಬಣ್ಣ. ಟೋಪಿಯ ಹಸಿರನ್ನು ರಾತ್ರಿ ಅಡುಗೆಮನೆಯ ದೀಪದಲ್ಲಿ ಬೆರೆಸಿದೆ, ಎಷ್ಟು ಚೆನ್ನಾಗಿ ಸೇರಿತೆಂದರೆ ಗೆರೆಯೇ ಕಾಣಲಿಲ್ಲ. ಬೆಳಗ್ಗೆ ಕಿಟಕಿಯ ಬೆಳಕಿನಲ್ಲಿ ನೋಡಿದರೆ ತೇಪೆ ಹಸಿ ಗಿಳಿಹಸಿರು, ಉಳಿದದ್ದು ಒಣಗಿದ ಎಲೆ. ಒಂದು ದೀಪದಡಿ ಒಂದೇ ಥರ ಕಾಣುವ ಎರಡು ಬಣ್ಣ ಇನ್ನೊಂದು ಬೆಳಕಿನಲ್ಲಿ ಬೇರೆಯಾಗುವುದು ಓದಿ ಗೊತ್ತಿತ್ತು, ಕಣ್ಣಾರೆ ಕಂಡದ್ದು ಅವತ್ತೇ. ಒದ್ದೆ ಹತ್ತಿಕಡ್ಡಿಯಿಂದ ಪೂರ್ತಿ ಒರೆಸಿದೆ. ಅಡಿಯಲ್ಲಿ ರಾಳ ಇದ್ದದ್ದರಿಂದ ಹಳೇ ಬಣ್ಣಕ್ಕೆ ಏನೂ ಆಗಲಿಲ್ಲ. ಎರಡನೆಯ ಸಲ ಉತ್ತರದ ಕಿಟಕಿಯ ಪಕ್ಕ, ಬೆಳಗ್ಗೆ ಹತ್ತರಿಂದ ಹನ್ನೆರಡರೊಳಗೆ, ಹಸಿರಿಗೆ ಸ್ವಲ್ಪ ಕಾವಿ, ಒಂದು ಸೂಜಿಮೊನೆಯಷ್ಟು ಕಪ್ಪು. ಮುಖದ ಗುಲಾಬಿಯನ್ನು ಟೋಪಿಯಡಿಯ ಮಾದರಿಗೆ ಹೊಂದಿಸಲಿಲ್ಲ, ಜೇನಿನ ಬಣ್ಣಕ್ಕೇ ಹೊಂದಿಸಿದೆ. ಅವನ ವಯಸ್ಸು ಅವನದು. ಐದು ಕೂದಲಿಗೆ ಕೈ ಹಚ್ಚಲೇ ಇಲ್ಲ.

ಜುಲೈಯಲ್ಲಿ ಬ್ರೆನ್ನರ್ ಕಣಿವೆದಾರಿ ದಾಟಿ ಕಾರಿನಲ್ಲಿ ಒರ್ತಿಸೇಯ್‌ಗೆ ಹೋಗಿದ್ದೆವು. ಅಲ್ಲಿಯ ಗರ್ದೇನಾ ಮ್ಯೂಸಿಯಮ್ಮಿನಲ್ಲಿ ಹಳೇ ಕಾಲದ ಮರದ ಆಟಿಕೆ, ಮೂರ್ತಿಗಳಿವೆ. ಗಾಜಿಗೆ ಮೂಗು ಒತ್ತಿ ನಿಂತು ನಾನು ನೋಡಿದ್ದು ಮುಖಗಳನ್ನಲ್ಲ, ಚಾಕುವಿನ ಗುರುತುಗಳನ್ನು. ಆಮೇಲೆ ಊರಿನ ಬೀದಿಯಲ್ಲಿ ಒಂದು ಕೆತ್ತನೆಯ ಅಂಗಡಿಯೊಳಗೆ ಹೋದಾಗ ಜೇಬಿನಿಂದ ಇವನನ್ನು ತೆಗೆದು ಕೌಂಟರಿನ ಮೇಲೆ ನಿಲ್ಲಿಸಿದೆ. ಅಂಗಡಿಯ ಹಿರಿಯರು ಒಂದೂ ಮಾತಾಡದೆ ಸನ್ನೆ ಒತ್ತಿದರು, ಟೋಪಿ ಎದ್ದಿತು, ತಲೆ ಬಗ್ಗಿಸಿ ಕೂದಲು ಎಣಿಸಿದರು. ನಂತರ ಟೋಪಿಯ ಅಂಚಿನ ಮೇಲೆ ಉಗುರು ಎಳೆದು, ಆರನೆಯ ಏಟಿನ ಮೇಲೆ ನಿಲ್ಲಿಸಿ, ನನ್ನ ಮುಖ ನೋಡಿದರು. "ಇದು ನಿಮ್ಮದು" ಎಂದರು. ಹೌದು ಎಂದೆ. ತಲೆಯಾಡಿಸಿ ವಾಪಸ್ ಕೊಟ್ಟರು.

ಈಗ ಇವನು ಊಟದ ಮೇಜಿನ ಮೇಲೆ, ಸಾಗರದಿಂದ ಬಂದ ಮುರುಗಲು ಶರಬತ್ತಿನ ಬಾಟಲಿಯ ನೆತ್ತಿಯಲ್ಲಿದ್ದಾನೆ. ಬಾಟಲಿ ನಿಂತೇ ಇರಬೇಕು, ಮಲಗಿಸಿದರೆ ಹುಳಿ ಬೆಂಡಿಗೆ ತಾಗಿ ಸರೇಸನ್ನು ಮೆತ್ತಗೆ ಮಾಡುತ್ತದೆ ಎಂದು ಮನೆಯವರಿಗೆಲ್ಲ ಹೇಳಿಟ್ಟಿದ್ದೇನೆ. ಟೋಪಿ ಇಳಿಯುವಾಗ ಕಡೆಯ ಎರಡು ಮಿಲಿಮೀಟರ್ ಜಾರಿ ಬಿದ್ದು ಟಕ್ ಎನ್ನುತ್ತದೆ. ತಂತಿಯ ಗೂನನ್ನು ಇನ್ನೊಂದು ಕೂದಲಿನಷ್ಟು ಹಿಗ್ಗಿಸಿದರೆ ನಿಲ್ಲಬಹುದು. ಮಗಳಿಗೆ ಆ ಸದ್ದು ಬೇಕಂತೆ. ಮೊನ್ನೆ ಭಾನುವಾರ ಅಪ್ಪಯ್ಯನಿಗೆ ವಿಡಿಯೋ ಕರೆ ಮಾಡಿ ಫೋನಿನ ಮುಂದೆ ಅವಳೇ ಸನ್ನೆ ಒತ್ತಿದಳು. ಅಲ್ಲಿ ಜಗಲಿಯಲ್ಲಿ ಕೂತಿದ್ದ ಅಪ್ಪಯ್ಯ ತಲೆಗೆ ಸುತ್ತಿದ್ದ ಟವೆಲ್ಲನ್ನು ಮೆಲ್ಲಗೆ ಎತ್ತಿ ಮತ್ತೆ ಇಟ್ಟುಕೊಂಡರು.